ಭಟ್ಟಿಯ ಹಂಡೆ ಕಲಿಸಿದ ಪಾಠ

ಯಾವ ವಿದ್ಯೆಯೇ ಆಗಲಿ, ಅದನ್ನು ಕಲಿಯುವವನು ಮೊದಮೊದಲು ಮಾಡುವ ತಪ್ಪುಗಳಲ್ಲಿಯೇ ಅದರ ಮರ್ಮವು ಅಡಗಿರುತ್ತದೆ. ಮೂವತ್ತಕ್ಕೂ ಮಿಕ್ಕಿದ ವರ್ಷಗಳ ಉಪಾಧ್ಯಾಯ ವೃತ್ತಿಯಲ್ಲಿ ನಾವು ಕಂಡುಕೊಂಡ ಸಂಗತಿಯಿದು. ಮದ್ಯವನ್ನು ಮುಟ್ಟದ ನಾವು ಭಟ್ಟಿ ಇಳಿಸುವ ವಿಷಯವನ್ನು ಕುರಿತು ಬರೆಯಹೊರಟರೆ ವಾಚಕ ಮಹಾಶಯರು ಹುಬ್ಬೇರಿಸಬಹುದು. ಆದರೆ ಇದಕ್ಕೆ ಕಾರಣವುಂಟು.

ನಮ್ಮ ಹಳೆಯ ಶಿಷ್ಯನೊಬ್ಬನು ನ್ಯೂಜೀಲೆಂಡಿನಲ್ಲಿ ನೆಲೆಸಿದ್ದಾನೆ. ಆ ದೇಶದಲ್ಲಿ 1996ರಿಂದ ಗೃಹಸ್ಥನು ಸ್ವಂತ ಉಪಯೋಗಕ್ಕಾಗಿ ಮನೆಯಲ್ಲಿಯೇ ಭಟ್ಟಿ ಇಳಿಸಬಹುದು, ಮಾರಕೂಡದು. ಹಲವು ವರ್ಷ ಮನೆಯಲ್ಲಿ ಬೀರು ತಯಾರಿಸಿ ಪಳಗಿದ್ದ ಈತನು ಒಂದು ಹಂಡೆಯನ್ನೂ ಕೊಳವೆಯನ್ನೂ ಕೊಂಡು ತಂದು, ತನ್ನ ಪ್ರಯತ್ನಗಳ ವೃತ್ತಾಂತವನ್ನು ನಮಗೆ ಬರೆಯುತ್ತ ಬಂದನು.

ಇದರ ತತ್ತ್ವವು ಸುಲಭವಾದುದು. ನೀರು 100 ಡಿಗ್ರಿಯಲ್ಲಿ ಕುದಿಯುವುದು. ಮದ್ಯಸಾರವು ಸುಮಾರು 78 ಡಿಗ್ರಿಯಲ್ಲಿಯೇ ಕುದಿಯುವುದು. ಆದಕಾರಣ ಹುಳಿಸಿದ ದ್ರವವನ್ನು ಕಾಯಿಸಿದರೆ ಮೇಲೇಳುವ ಆವಿಯಲ್ಲಿ ಮದ್ಯಸಾರವೇ ಹೆಚ್ಚಾಗಿರುತ್ತದೆ. ಅದನ್ನು ತಂಪುಗೊಳಿಸಿದರೆ ಮತ್ತೆ ದ್ರವವಾಗುವುದು. ನಮ್ಮ ರಸಶಾಸ್ತ್ರಕಾರರು ಹೀಗೆ ಓರೆಯಾದ ನಾಳದಿಂದ ಇಳಿಸುವ ಸಾಧನವನ್ನು ತಿರ್ಯಕ್ಪಾತನ ಯಂತ್ರವೆಂದು ಕರೆದರು. ಮನೆಯ ಕಪಾಟಿನಲ್ಲಿರುವ ದ್ರಾಕ್ಷಾಸವ, ದಶಮೂಲಾರಿಷ್ಟಗಳಾದರೋ ಹುಳಿಯುವುದರಿಂದಲೇ ಸಿದ್ಧವಾಗುವವು. ಅವುಗಳನ್ನು ಭಟ್ಟಿ ಇಳಿಸುವುದಿಲ್ಲ.

ಶಿಷ್ಯನು ಮೊದಲನೆಯ ಸಲ 20 ಲೀಟರು ದ್ರವವನ್ನು ಕಾಯಿಸಿ, ದೊಡ್ಡ ಜಾಡಿ ತುಂಬೀತೆಂದು ಕಾದನು. ಅದು ತುಂಬಲಿಲ್ಲ. ಲೆಕ್ಕ ನೋಡಿರಿ: ದ್ರವದಲ್ಲಿ ನೂರಕ್ಕೆ 8 ಭಾಗ ಮದ್ಯಸಾರವಿದ್ದರೆ ಇಪ್ಪತ್ತು ಲೀಟರಿನಲ್ಲಿ ಇರುವುದೇ 1.6 ಲೀಟರು. ಹಂಡೆಯು ಏನನ್ನೂ ಹುಟ್ಟಿಸುವುದಿಲ್ಲ. ಇರುವುದನ್ನು ಬೇರ್ಪಡಿಸುತ್ತದೆ, ಅಷ್ಟೆ. ಮೇಲಾಗಿ ಆತನು ಮೊದಲಿನಿಂದ ಕೊನೆಯವರೆಗೆ ಬಿದ್ದುದೆಲ್ಲವನ್ನೂ ಒಂದೇ ಪಾತ್ರೆಯಲ್ಲಿ ಹಿಡಿದಿದ್ದನು. ಮೊದಲು ಬರುವುದು ಉಗುರಿನ ಬಣ್ಣ ತೆಗೆಯುವ ದ್ರವದಂತೆ ಮೂಗಿಗೆ ಹೊಡೆಯುವುದು, ಕೊನೆಯದು ನೆನೆದ ರಟ್ಟಿನಂತೆ ನಾರುವುದು, ನಡುವಿನದೇ ಗ್ರಾಹ್ಯ. ಮೂರೂ ಬೆರೆತು ಎಲ್ಲವೂ ಕೆಟ್ಟಿತು.

ಎರಡನೆಯ ಸಲ ಆತುರದಿಂದ ಉರಿಯನ್ನು ಹೆಚ್ಚಿಸಿದನು. ಹಾಲು ಉಕ್ಕುವಂತೆ ನೊರೆಯುಕ್ಕಿ ಕೊಳವೆಯೊಳಗೆ ನುಗ್ಗಿ, ತಿಳಿಯಾಗಿ ಬರಬೇಕಾದುದು ಬಗ್ಗಡವಾಗಿ ಬಂದಿತು. ಮೂರನೆಯ ಸಲ ಉರಿ ತಗ್ಗಿಸಿ, ಸಣ್ಣ ಸಣ್ಣ ಗಾಜಿನ ಪಾತ್ರೆಗಳಲ್ಲಿ ಕ್ರಮವಾಗಿ ಹಿಡಿದು, ಮರುದಿನ ಒಂದೊಂದನ್ನೂ ಮೂಸಿ ನೋಡಿ, ನಡುವಿನ ಪಾತ್ರೆಗಳನ್ನು ಮಾತ್ರ ಉಳಿಸಿಕೊಂಡನು. "ಮೇಷ್ಟ್ರೇ, ಚೆಲ್ಲುವುದನ್ನು ಕಲಿಯಲು ನನಗೆ ಮೂರು ತಿಂಗಳಾಯಿತು" ಎಂದು ಬರೆದನು.

ಇಷ್ಟರಲ್ಲಿಯೇ ಮುಗಿದಿದ್ದರೆ ನಾವು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ಒಂದು ಬೆಳಗ್ಗೆ ಊರಿನಲ್ಲಿ ಬೇಸಾಯ ಮಾಡಿಕೊಂಡಿರುವ ಆತನ ಅಣ್ಣನು ನಮ್ಮ ಮನೆಗೆ ಬಂದು, "ಮೇಷ್ಟ್ರೇ, ಚಿಕ್ಕಪ್ಪನ ಕಾಗದ ಓದಿದಂದಿನಿಂದ ನಮ್ಮ ಹುಡುಗ ಆಲೆಮನೆಯ ಬೆಲ್ಲ, ಹಳೇ ಕಾರಿನ ರೇಡಿಯೇಟರು ಜೋಡಿಸಿಕೊಂಡು ಕೂತಿದ್ದಾನೆ. ನನ್ನ ಮಾತು ಕೇಳುವುದಿಲ್ಲ. ನೀವೇ ಹೇಳಬೇಕು" ಎಂದನು. ಹುಡುಗನನ್ನು ಕರೆಯಿಸಿದೆವು. ಆತನು ಧೈರ್ಯವಾಗಿಯೇ, "ಮೊದಲ ಲೋಟ ಚೆಲ್ಲಿಬಿಟ್ಟರೆ ವಿಷವೆಲ್ಲ ಹೋಗುತ್ತದಲ್ಲವೇ ಮೇಷ್ಟ್ರೇ?" ಎಂದು ಕೇಳಿದನು.

ಈ ಅರ್ಧಜ್ಞಾನವೇ ಭಯಂಕರವಾದುದು. ಕಣ್ಣನ್ನೂ ಪ್ರಾಣವನ್ನೂ ಕಳೆಯುವ ಮೆಥನಾಲು ಎಂಬ ವಿಷವು 65 ಡಿಗ್ರಿಯಷ್ಟರಲ್ಲಿ ಕುದಿಯುವುದು ದಿಟ. ಆದರೆ ನೀರು, ಮದ್ಯಸಾರಗಳೊಡನೆ ಬೆರೆತಿರುವಾಗ ಅದು ಮೊದಲ ಲೋಟದಲ್ಲಿಯೇ ಹೊರಟುಹೋಗುವುದಿಲ್ಲ. ಕೊನೆಯವರೆಗೂ ಸ್ವಲ್ಪ ಸ್ವಲ್ಪವಾಗಿ ಬರುತ್ತಲೇ ಇರುತ್ತದೆ. ಬೆಲ್ಲವನ್ನು ಹುಳಿಸಿದರೆ ಅದು ಹುಟ್ಟುವುದು ಅತ್ಯಲ್ಪ. ಬೆಂಗಳೂರಿನಲ್ಲಿ 1981ರಲ್ಲಿ ಸುಮಾರು 300 ಮಂದಿಯೂ, 2008ರಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿಯ ಕಡೆಗಳಲ್ಲಿ ನೂರಕ್ಕೂ ಹೆಚ್ಚು ಮಂದಿಯೂ ಮಡಿದುದು ಕಾರ್ಖಾನೆಗಳಿಗೆಂದು ಮಾಡಿದ ಈ ವಿಷವು ಕಳ್ಳಸಾರಾಯಿಯಲ್ಲಿ ಬೆರೆತುದರಿಂದ. ಬೆರೆತ ಮೇಲೆ ಮೂಗಾಗಲಿ ನಾಲಗೆಯಾಗಲಿ ಅದನ್ನು ಗುರುತಿಸಲಾರದು. ಕುಡಿದ ಕೆಲವು ಗಂಟೆಗಳ ಅನಂತರ ಕಣ್ಣು ಮಂಜಾದರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು. ಬೇಗ ಹೋದರೆ ಚಿಕಿತ್ಸೆಯುಂಟು.

ಇನ್ನು ರೇಡಿಯೇಟರಿನ ಮಾತು. ಹಳೆಯ ರೇಡಿಯೇಟರಿನ ಬೆಸುಗೆಯಲ್ಲಿ ಸೀಸವಿರುತ್ತದೆ. ಬಿಸಿಯಾದ ಮದ್ಯಸಾರವು ಅದನ್ನು ಕರಗಿಸಿಕೊಂಡು ಬಂದು ನರಗಳಿಗೂ ಮೂತ್ರಪಿಂಡಗಳಿಗೂ ಕೇಡು ತರುವುದು. ಸೋರಿದ ಆವಿಗೆ ಒಲೆಯ ಉರಿ ತಗುಲಿದರೆ ಮನೆಯೇ ಹತ್ತಿಕೊಳ್ಳುವುದು. ಇದೆಲ್ಲದರ ಮೇಲೆ, ಕರ್ನಾಟಕದ 1965ರ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. 2007ರಲ್ಲಿ ಸಾರಾಯಿಯೇ ನಿಷಿದ್ಧವಾಯಿತು. ಚಿಕ್ಕಪ್ಪನ ದೇಶದ ಶಾಸನವು ಅಣ್ಣನ ಮಗನನ್ನು ಕಾಯಲಾರದು.

ಹುಡುಗನು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದನು. ಬೈದು ಕಳುಹಿಸಿದರೆ ಕುತೂಹಲವು ಮರೆಯಲ್ಲಿ ಬೆಳೆಯುವುದೆಂಬುದು ನಮಗೆ ಗೊತ್ತು. ಆದ್ದರಿಂದ ಇನ್ನೊಂದು ದಾರಿಯನ್ನು ತೋರಿಸಿದೆವು: ಅಗಲವಾದ ಪಾತ್ರೆಯಲ್ಲಿ ನೀರೂ ಗುಲಾಬಿಯ ಎಸಳೂ, ನಡುವೆ ಎತ್ತರಿಸಿಟ್ಟ ಬಟ್ಟಲು, ಮೇಲೆ ಬೋರಲಾಗಿ ಮುಚ್ಚಿದ ಗುಬುಟು ಮುಚ್ಚಳ, ಅದರ ಮೇಲೆ ತಣ್ಣೀರು. ಆವಿಯು ಮುಚ್ಚಳಕ್ಕೆ ತಗುಲಿ ಹನಿಯಾಗಿ ಬಟ್ಟಲಿಗೆ ಬೀಳುವುದು. ತತ್ತ್ವವು ಅದೇ, ಭಯವಿಲ್ಲ.

ವಾರ ಕಳೆದ ಮೇಲೆ ಹುಡುಗನು ಒಂದು ಸಣ್ಣ ಸೀಸೆಯನ್ನು ತಂದನು. ಮೂಸಿದೆವು. ಗುಲಾಬಿಯ ಹಿಂದೆ ಸೀದ ವಾಸನೆಯಿತ್ತು. "ಉರಿ ಹೆಚ್ಚಾಯಿತೇನಪ್ಪ?" ಎಂದೆವು. "ಚಿಕ್ಕಪ್ಪನೂ ಹಾಗೇ ಮಾಡಿದರಲ್ಲವೇ ಮೇಷ್ಟ್ರೇ" ಎಂದು ನಕ್ಕು ಹೋದನು. ರೇಡಿಯೇಟರನ್ನು ಗುಜರಿಯವನಿಗೆ ಕೊಟ್ಟರೆಂದು ಆತನ ತಂದೆಯು ಆಮೇಲೆ ಹೇಳಿ ಕಳುಹಿಸಿದನು.