ಬಿಸಿಲಲ್ಲೇ ಹುಟ್ಟಿದ್ದು, ಬಿಸಿಲಿಗೇ ಬಿರಿಯುವುದು

ಯುಗಾದಿಗೆ ಊರಿಗೆ ಹೊರಡುವ ಮುಂಚೆ ಕಾರನ್ನು ವಾಟರ್ ಸರ್ವಿಸ್‌ಗೆ ಬಿಟ್ಟಿದ್ದೆ. ತರಲು ಹೋದಾಗ ಹುಡುಗ ಬಾಗಿಲು ತೆಗೆದು ತೋರಿಸಿದ. ಹನ್ನೊಂದು ವರ್ಷದ ಡ್ಯಾಶ್‌ಬೋರ್ಡ್ ಎಣ್ಣೆನೀರು ಹಾಕಿಸಿಕೊಂಡ ಮಗುವಿನಂತೆ ಮಿರಮಿರ ಮಿಂಚುತ್ತಿತ್ತು. ‘ಪಾಲಿಶ್ ಹೊಡ್ದಿದೀನಿ ಸಾರ್, ಹೊಸದರ ಥರ ಆಗಿದೆ’ ಅಂದ. ಖುಷಿಯಿಂದ ಐವತ್ತು ರೂಪಾಯಿ ಹೆಚ್ಚಿಗೇ ಕೊಟ್ಟೆ. ಹಿರಿಯೂರು ದಾಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಆ ಮಿಂಚೆಲ್ಲ ಮುಂದಿನ ಗಾಜಿಗೆ ಹೊಡೆದು ರಸ್ತೆಗೇ ಬಿಳಿ ಪರದೆ ಎಳೆದ ಹಾಗಾಯಿತು. ಹೊಂಗೆ ಮರವೊಂದರ ಕೆಳಗೆ ನಿಲ್ಲಿಸಿ, ಒದ್ದೆ ಟವೆಲಿನಲ್ಲಿ ಉಜ್ಜಿ ಉಜ್ಜಿ ಪಾಲಿಶ್ ತೆಗೆದೆ. ಬಾಗಿಲಲ್ಲಿ ಮೊಣಕೈ ಊರುವ ಕಡೆಯ ರೆಕ್ಸಿನ್ ಒರೆಸುವಾಗ ಕೂದಲೆಳೆಯಂಥ ಬಿರುಕು ಕಂಡಿತು. ಪಾಲಿಶ್ ಅದನ್ನು ಮುಚ್ಚಿಟ್ಟಿತ್ತು, ಅಷ್ಟೆ.

ಡ್ಯಾಶ್‌ಬೋರ್ಡ್ ಎಂಬ ಹೆಸರು ಸಾರೋಟಿನ ಕಾಲದ್ದು. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಮೈಮೇಲೆ ಬೀಳದಿರಲೆಂದು ಗಾಡಿಯ ಮುಂದೆ ನಿಲ್ಲಿಸುತ್ತಿದ್ದ ಹಲಗೆ ಅದು. ಕುದುರೆ ಹೋಯಿತು, ಹಲಗೆ ಉಳಿಯಿತು. ಕಾರಿನಲ್ಲಿ ಅದು ಮೊದಲು ಮರ, ಆಮೇಲೆ ತಗಡು. ಡಿಕ್ಕಿಯಾದಾಗ ತಲೆ ಹೋಗಿ ತಗಡಿಗೆ ಬಡಿಯುತ್ತಿತ್ತು. 1956ರ ಮಾದರಿಗಳಲ್ಲಿ ಫೋರ್ಡ್ ಕಂಪನಿ ಅಮೆರಿಕದಲ್ಲಿ ಸೀಟ್ ಬೆಲ್ಟ್ ಜೊತೆಗೆ ಮೆತ್ತೆ ಹೊದಿಸಿದ ಡ್ಯಾಶ್‌ಬೋರ್ಡನ್ನೂ ಬೇಕೆಂದವರಿಗೆ ಹಾಕಿಕೊಡತೊಡಗಿತು. ಮುಂದೆ ಇಂಥ ಮೆತ್ತೆಗಳ ಮೇಲ್ಚರ್ಮವಾಗಿ ಎಲ್ಲೆಡೆ ಒಳಬಂದದ್ದು ವಿನೈಲ್, ಅಂದರೆ ಪಿವಿಸಿ.

ಈ ಪಿವಿಸಿಯ ಜಾತಕ ಸ್ವಾರಸ್ಯವಾಗಿದೆ. 1872ರಲ್ಲಿ ಜರ್ಮನಿಯ ಯೂಜೆನ್ ಬೌಮನ್, ಬಿಸಿಲಿಗೆ ಬಿದ್ದಿದ್ದ ವಿನೈಲ್ ಕ್ಲೋರೈಡಿನ ಫ್ಲಾಸ್ಕಿನೊಳಗೆ ಬಿಳಿಯ ಗಟ್ಟಿ ಪದಾರ್ಥ ಕಟ್ಟಿಕೊಂಡದ್ದನ್ನು ನೋಡಿದ. ಬಿಸಿಲೇ ಅದನ್ನು ಹೆತ್ತಿತ್ತು. ಆದರೆ ಗಡುಸು, ಬಗ್ಗಿಸಿದರೆ ಮುರಿಯುವಂಥದ್ದು. ಅರ್ಧ ಶತಮಾನ ಅದು ಹೆಚ್ಚು ಕಡಿಮೆ ಕೆಲಸಕ್ಕೆ ಬಾರದ ಕೂಸಾಗಿಯೇ ಇತ್ತು. 1926ರಲ್ಲಿ ಬಿ.ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೋ ಸೆಮನ್, ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದು ಹುಡುಕುತ್ತ ಪಿವಿಸಿಯನ್ನು ಎಣ್ಣೆಯಂಥ ದ್ರವದಲ್ಲಿ ಕುದಿಸಿದ. ಗೋಂದು ಆಗಲಿಲ್ಲ, ತಣ್ಣಗಾದ ಮೇಲೆ ರಬ್ಬರಿನಂತೆ ಪುಟಿಯುವ ಮುದ್ದೆ ಸಿಕ್ಕಿತು. ಅದನ್ನು ಬಟ್ಟೆಗೆ ಬಳಿದು, ಮೇಲಧಿಕಾರಿಯ ಮೇಜಿನ ಕಾಗದಗಳ ಮೇಲೆ ಹಾಸಿ, ಮೇಲಿಂದ ನೀರು ಸುರಿದು ತೋರಿಸಿದನೆಂಬ ಕಥೆ ಇದೆ. ಕಾಗದ ನೆನೆಯಲಿಲ್ಲವಂತೆ.

ಒಬ್ಬಟ್ಟಿಗೆ ಕಣಕ ಕಲಸಿದವರಿಗೆ ಸೆಮನ್ ಮಾಡಿದ್ದು ಕೂಡಲೇ ಅರ್ಥವಾಗುತ್ತದೆ. ಕಣಕಕ್ಕೆ ಎಣ್ಣೆ ಕುಡಿಸಿ ನೆನೆಯಲು ಬಿಟ್ಟರೆ ಎಳೆದತ್ತ ಬರುತ್ತದೆ. ಪಿವಿಸಿಯ ಸರಪಳಿಗಳ ನಡುವೆ ಕೂತು ಅವನ್ನು ಜಾರಿಸುವ ದ್ರವವೇ ಪ್ಲಾಸ್ಟಿಸೈಸರ್. ಅದು ಅಲ್ಲಿ ಬೆರೆತಿರುತ್ತದೆ, ಬೆಸೆದಿರುವುದಿಲ್ಲ. ಹಾಗಾಗಿ ಕಾವೇರಿದಂತೆ ಮೆಲ್ಲಗೆ ಹೊರಡುತ್ತದೆ. ಕಾರಿನ ಗಾಜಿನ ಒಳಮೈಯಲ್ಲಿ ಎಷ್ಟು ಒರೆಸಿದರೂ ಮತ್ತೆ ಮತ್ತೆ ಕೂರುವ ಜಿಡ್ಡಿನ ಮಬ್ಬಿನಲ್ಲಿ ಅದರ ಪಾಲೂ ಇದೆ. ಎಣ್ಣೆ ಬಿಟ್ಟ ಕಣಕ ಏನಾಗುತ್ತದೋ ನನ್ನ ಬಾಗಿಲಿನ ರೆಕ್ಸಿನ್ ಅದೇ ಆಗಿತ್ತು.

ರೆಕ್ಸಿನ್ ಎಂದು ನಾವು ಕರೆಯುವುದು ಒಂದು ಬ್ರಿಟಿಷ್ ಕಂಪನಿಯ ಹೆಸರನ್ನು. ಮೂಲ ರೆಕ್ಸಿನ್‌ನಲ್ಲಿ ವಿನೈಲ್ ಇರಲಿಲ್ಲ. ಬಟ್ಟೆಯ ಮೇಲೆ ನೈಟ್ರೊಸೆಲ್ಯುಲೋಸ್ ಬಳಿದು ತೊಗಲಿನ ಅಚ್ಚು ಒತ್ತುತ್ತಿದ್ದರು. ಅದನ್ನು ಮೆದುವಾಗಿಸಲು ಬೆರೆಸುತ್ತಿದ್ದದ್ದು ಕರ್ಪೂರದ ಎಣ್ಣೆ! ಇಂದು ಬೆಂಗಳೂರಿನ ಜೆ.ಸಿ. ರಸ್ತೆಯ ಸೀಟ್ ಕವರ್ ಅಂಗಡಿಯಲ್ಲಿ ಕೇಳಿದರೆ ಸಿಗುವುದು ಪಿವಿಸಿಯೋ ಪಾಲಿಯುರೆಥೇನೋ (ಪಿಯು) ಆಗಿರುತ್ತದೆ, ಹೆಸರು ಮಾತ್ರ ಹಳೆಯದು. ನಮ್ಮ ಮಾವನ ಅಂಬಾಸಡರಿನ ರೆಕ್ಸಿನ್ ಸೀಟಿಗೆ ಬೇಸಿಗೆಯಲ್ಲಿ ತೊಡೆ ಅಂಟಿಕೊಂಡು, ಇಳಿಯುವಾಗ ಚರ್ರನೆ ಕಿತ್ತುಬರುತ್ತಿದ್ದದ್ದು ನೆನಪಿದೆ. ಸರ್ಕಾರಿ ಕಾರುಗಳ ಸೀಟಿನ ಮೇಲಿನ ಬಿಳಿ ಟವೆಲ್ ಬರೀ ದರ್ಪಕ್ಕಲ್ಲ ಅನ್ನಿಸಿದ್ದು ಆಗಲೇ.

ಇನ್ನು ಮಿಂಚಿನ ಬಾಟಲಿಯ ಕಥೆ. 1962ರಲ್ಲಿ ಅಮೆರಿಕದ ಜೋ ಪಾಲ್ಚರ್ ಎಂಬ ರಸಾಯನ ತಜ್ಞ ಒಂದು ದ್ರವ ತಯಾರಿಸಿ ‘ಟ್ರಿಡಾನ್’ ಎಂದು ಹೆಸರಿಟ್ಟ. ‘ನೋ ಡರ್ಟ್’ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿದ ಹೆಸರು. 1972ರಲ್ಲಿ ಆಲನ್ ರೈಪಿನ್‌ಸ್ಕಿ ಅದರ ಹಕ್ಕು ಕೊಂಡ. ‘ಆರ್ಮರ್ ಆಲ್’ ಎಂಬ ಹೆಸರಿನಲ್ಲಿ ಅದು ಮನೆಮಾತಾಯಿತು. ಆಮೇಲೆ ಬಂದ ನೂರಾರು ಪಾಲಿಶ್‌ಗಳಲ್ಲಿ ಹೆಚ್ಚಿನವು ನೀರಿನಲ್ಲೋ ದ್ರಾವಕದಲ್ಲೋ ಬೆರೆಸಿದ ಸಿಲಿಕೋನ್ ಎಣ್ಣೆ. ಅದು ಮೇಲೆ ಕೂರುತ್ತದೆ, ಹೊಳೆಯುತ್ತದೆ, ಧೂಳು ಹಿಡಿಯುತ್ತದೆ. ಹೊರಟುಹೋದ ಪ್ಲಾಸ್ಟಿಸೈಸರಿನ ಜಾಗ ತುಂಬುವುದು ಅದರ ಕೈಲಾಗದು. ಒಣಗಿದ ಒಬ್ಬಟ್ಟಿಗೆ ತುಪ್ಪ ಸವರಿದರೆ ಕಣಕ ಮತ್ತೆ ಎಳೆಯದಾದೀತೆ?

ಬಾಟಲಿಯ ಮೇಲೆ ದಪ್ಪಕ್ಷರದ ‘ಯುವಿ ರಕ್ಷಣೆ’ ಬೇರೆ. ಮುಂದಿನ ಗಾಜಿನ ಎರಡು ಪದರಗಳ ನಡುವಿನ ಪ್ಲಾಸ್ಟಿಕ್ ಹಾಳೆಯೇ ಆ ಅತಿನೇರಳೆ (ಯುವಿ) ಕಿರಣಗಳ ಬಹುಪಾಲನ್ನು ತಡೆಯುತ್ತದೆ. ಅದು ತಡೆಯದ್ದು ಕಾವನ್ನು. 2018ರಲ್ಲಿ ಪ್ರಕಟವಾದ ಅರಿಜೋನಾದ ಅಧ್ಯಯನವೊಂದರಲ್ಲಿ, ಬೇಸಿಗೆಯ ಬಿಸಿಲಿನಲ್ಲಿ ಒಂದು ಗಂಟೆ ನಿಂತ ಕಾರುಗಳ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ನೆರಳಲ್ಲಿದ್ದವು 48ರಲ್ಲೇ ನಿಂತವು. ಇಪ್ಪತ್ತೊಂದು ಡಿಗ್ರಿಯ ವ್ಯತ್ಯಾಸ, ಬರೀ ನೆರಳಿನಿಂದ! ನಮ್ಮ ರಾಯಚೂರು, ಕಲಬುರಗಿಯ ಬೇಸಿಗೆಯೂ ಏನು ಕಡಿಮೆಯದಲ್ಲ. ಹಾಗಾಗಿ ನನ್ನ ತೀರ್ಮಾನ ಇಷ್ಟೆ: ಮರ ಸಿಕ್ಕರೆ ಮರ, ಇಲ್ಲದಿದ್ದರೆ ಗಾಜಿಗೆ ಒಂದು ಬೆಳ್ಳಿಬಣ್ಣದ ಪರದೆ. ಅದು ಯಾವ ಬಾಟಲಿಗಿಂತಲೂ ಮೇಲು.

ಈಗಿನ ಸಾಮಾನ್ಯ ಬೆಲೆಯ ಕಾರುಗಳ ಗಟ್ಟಿ ಡ್ಯಾಶ್‌ಬೋರ್ಡ್ ಹೆಚ್ಚಾಗಿ ಪಾಲಿಪ್ರೊಪಿಲೀನ್. ಅದಕ್ಕೆ ಪ್ಲಾಸ್ಟಿಸೈಸರಿನ ಹಂಗೂ ಇಲ್ಲ. ಗಟ್ಟಿಯಿರಲಿ, ಮೆದುವಿರಲಿ, ಸ್ವಚ್ಛತೆಗೆ ಬೇಕಾದ್ದು ಒಂದೇ: ಮೊದಲು ಮೆದು ಬ್ರಷ್‌ನಿಂದ ಧೂಳು ತೆಗೆಯಬೇಕು, ಇಲ್ಲವಾದರೆ ಬಟ್ಟೆಯಡಿ ಸಿಕ್ಕ ಮರಳೇ ಗೀರು ಹಾಕುತ್ತದೆ. ಆಮೇಲೆ ಬಕೆಟ್ ನೀರಿಗೆ ನಾಲ್ಕು ಹನಿ ಸೌಮ್ಯ ಶಾಂಪೂ, ಹಿಂಡಿದ ಮೈಕ್ರೋಫೈಬರ್ ಬಟ್ಟೆ, ಕೊನೆಗೊಂದು ಒಣಬಟ್ಟೆ. ಥಿನ್ನರ್, ಪೆಟ್ರೋಲ್ ಹತ್ತಿರ ಸುಳಿಯಬಾರದು. ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ನಾಲ್ಕು ದಿನಕ್ಕೆ ಕಮಟು ವಾಸನೆ, ಮೇಲೆ ಧೂಳಿನ ಹಿಟ್ಟು. ನುಸಿಗುಳಿಗೆ, ಜೆಲ್ಲಿನ ಸುಗಂಧದ ಡಬ್ಬಿ ಪ್ಲಾಸ್ಟಿಕ್ಕಿನ ಮೇಲೆ ಕೂತಲ್ಲೇ ಕರೆ ಕಚ್ಚಿಸಬಲ್ಲವು.

ಆಯುಧಪೂಜೆಯ ಅರಿಶಿನದ ಮಾತು ಬೇರೆ. ಪ್ಲಾಸ್ಟಿಕ್ ಅದನ್ನು ಹೀರಿಕೊಂಡರೆ ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಜಗ್ಗದು, ಬಿಸಿಲು ಮಾತ್ರ ಮೆಲ್ಲಗೆ ಮಾಸಿಸುತ್ತದೆ. ಕಲೆಗೆ ಬಿಸಿಲು ಬೇಕು, ರೆಕ್ಸಿನ್‌ಗೆ ಬೇಡ. ಈ ಜಗಳಕ್ಕೆ ನಮ್ಮ ಮನೆಯಲ್ಲಿ ಸಿಕ್ಕ ಪರಿಹಾರ, ಅರಿಶಿನ-ಕುಂಕುಮವನ್ನು ಗಾಜಿಗಷ್ಟೇ ಇಡುವುದು.

ಇನ್ನೊಂದು ಮಾತು, ಸ್ಟಿಯರಿಂಗ್‌ಗೋ ಬ್ರೇಕ್ ಪೆಡಲ್‌ಗೋ ಆ ಸಿಲಿಕೋನ್ ಪಾಲಿಶ್ ತಗುಲಿದರೆ ಕೈಕಾಲು ಜಾರುತ್ತದೆ, ಅದು ಬರೀ ಅಂದಚೆಂದದ ಪ್ರಶ್ನೆಯಲ್ಲ. ಮುಂದಿನ ಸಲ ವಾಟರ್ ಸರ್ವಿಸ್‌ಗೆ ಬಿಡುವಾಗ ‘ಒಳಗೆ ಪಾಲಿಶ್ ಬೇಡಪ್ಪ, ಒದ್ದೆ ಬಟ್ಟೆ ಸಾಕು’ ಎಂದು ಕೀ ಕೊಡುವ ಮೊದಲೇ ಹೇಳಿಬಿಡಿ.