ಬೆಳ್ಳಿಗೆ ಬಣ್ಣ ಬರುವ ಹಾದಿ

ಮೊಬೈಲಿನಲ್ಲಿ ‘ಸೀಪಿಯಾ’ ಫಿಲ್ಟರ್ ಒತ್ತಿದರೆ ಇಡೀ ಫೋಟೊ ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ ತೆಗೆದಂತೆ ಆಗುತ್ತದೆ. ಬಿಳಿ ಅಂಗಿಯೂ ಕಂದು, ಕಪ್ಪು ಕೂದಲೂ ಕಂದು. ಡಾರ್ಕ್‌ರೂಮಿನಲ್ಲಿ ಹದವಾಗಿ ಟೋನ್ ಮಾಡಿದ ಪ್ರಿಂಟನ್ನು ಪಕ್ಕದಲ್ಲಿಟ್ಟು ನೋಡಿ. ಅಂಗಿ ಬಿಳಿಯಾಗಿಯೇ ಇರುತ್ತದೆ, ಅದರ ಮಡಿಕೆಗಳಲ್ಲಿ ಮಾತ್ರ ಜೇನಿನ ಛಾಯೆ. ಕೂದಲಿನ ಕಪ್ಪು ಸ್ವಲ್ಪವೂ ಕದಲಿರುವುದಿಲ್ಲ. ಬಣ್ಣ ಎಲ್ಲಿ ಹತ್ತಬೇಕು, ಎಲ್ಲಿ ಹತ್ತಬಾರದು ಎಂಬುದನ್ನು ಅಲ್ಲಿ ರಾಸಾಯನಿಕವೇ ತೀರ್ಮಾನಿಸುತ್ತಿತ್ತು. ಕಂಪ್ಯೂಟರಿನಲ್ಲಿ ಆ ತೀರ್ಮಾನ ನಮ್ಮದು. ಹಾಗಾಗಿ ಮೊದಲು ಡಾರ್ಕ್‌ರೂಮಿನ ರಾಸಾಯನಿಕದ ತಟ್ಟೆಯಲ್ಲಿ ಏನಾಗುತ್ತಿತ್ತು ಎಂದು ತಿಳಿಯೋಣ.

ತಟ್ಟೆಯಲ್ಲಿ ಆಗುವುದೇನು?

ಕಪ್ಪು-ಬಿಳುಪು ಪ್ರಿಂಟಿನ ಕಪ್ಪು ಎಂದರೆ ಜೆಲಟಿನ್ ಪದರದೊಳಗೆ ಕೂತ ಬೆಳ್ಳಿಯ ಸೂಕ್ಷ್ಮ ಕಣಗಳು. ಟೋನಿಂಗ್ ಆ ಬೆಳ್ಳಿಯನ್ನೇ ಬೇರೆ ವಸ್ತುವಾಗಿ ಮಾರ್ಪಡಿಸುತ್ತದೆ. ಬೆಳ್ಳಿ ಇಲ್ಲದ ಕಡೆ, ಅಂದರೆ ಕಾಗದದ ಬರಿಯ ಬಿಳುಪಿಗೆ, ಬಣ್ಣ ಹತ್ತುವುದಿಲ್ಲ.

ಸೀಪಿಯಾಗೆ ಎರಡು ತಟ್ಟೆ ಬೇಕು. ಮೊದಲನೆಯದರಲ್ಲಿ ಪೊಟ್ಯಾಸಿಯಂ ಫೆರ್ರಿಸಯನೈಡ್, ಪೊಟ್ಯಾಸಿಯಂ ಬ್ರೋಮೈಡ್ ಬೆರೆಸಿದ ಹಳದಿ ಬ್ಲೀಚ್. ಪ್ರಿಂಟನ್ನು ಮುಳುಗಿಸಿ ತಟ್ಟೆಯನ್ನು ಮೆಲ್ಲಗೆ ಅಲುಗಿಸುತ್ತಿದ್ದರೆ ಮೊದಲು ಮೋಡ ಕರಗುತ್ತದೆ, ಆಮೇಲೆ ಕೆನ್ನೆ, ಎಲ್ಲಕ್ಕಿಂತ ಕೊನೆಗೆ ಕೂದಲು. ತೆಳುವಾದ ಬೆಳ್ಳಿ ಬೇಗ ಸೋಲುತ್ತದೆ, ದಟ್ಟವಾದದ್ದು ತಡೆದು ನಿಲ್ಲುತ್ತದೆ. ಹಳದಿ ಹೋಗುವಷ್ಟು ತೊಳೆದು ಸೋಡಿಯಂ ಸಲ್ಫೈಡ್ ದ್ರಾವಣಕ್ಕೆ ಹಾಕಿದ ಕೂಡಲೇ, ಕೊಳೆತ ಮೊಟ್ಟೆಯ ವಾಸನೆಯ ನಡುವೆ, ಮಾಯವಾದ ಚಿತ್ರ ಕಂದು ಬಣ್ಣದಲ್ಲಿ ಮರಳಿ ಬರುತ್ತದೆ. ಬೆಳ್ಳಿ ಈಗ ಸಿಲ್ವರ್ ಸಲ್ಫೈಡ್ ಆಗಿದೆ. ಬ್ಲೀಚನ್ನು ಅರ್ಧಕ್ಕೇ ನಿಲ್ಲಿಸಿದ್ದರೆ ತಿಳಿ ಭಾಗಗಳಷ್ಟೇ ಕಂದು, ನೆರಳು ಮೊದಲಿನ ಕಪ್ಪು.

ಸೆಲೀನಿಯಂ ಇದಕ್ಕೆ ತದ್ವಿರುದ್ಧ. ಅದು ದಟ್ಟ ನೆರಳಿನಿಂದ ಕೆಲಸ ಶುರುಮಾಡುತ್ತದೆ. ಕಪ್ಪು ಇನ್ನಷ್ಟು ಆಳವಾಗುತ್ತದೆ, ಕಾಗದದ ಜಾತಿಗೆ ತಕ್ಕಂತೆ ಬದನೆಕಾಯಿ ಸಿಪ್ಪೆಯ ನೇರಳೆ ಇಣುಕುತ್ತದೆ. ಅಮೆರಿಕದ ಆನ್ಸೆಲ್ ಆಡಮ್ಸ್ ತಮ್ಮ ಪ್ರಿಂಟುಗಳಿಗೆ ಬಳಸುತ್ತಿದ್ದದ್ದು ಇದನ್ನೇ. ಚಿನ್ನದ ಟೋನರ್ ಸಾದಾ ಪ್ರಿಂಟಿಗೆ ತಣ್ಣನೆಯ ನೀಲಿಗಪ್ಪು ಕೊಡುತ್ತದೆ. ಸೀಪಿಯಾ ಆದ ಪ್ರಿಂಟನ್ನು ಕಿತ್ತಳೆಗೆಂಪು ಮಾಡುತ್ತದೆ. ಕಬ್ಬಿಣದ ಟೋನರಿನಿಂದ ಬರುವುದು ಪ್ರಷ್ಯನ್ ನೀಲಿ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪಿನ ನೀಲಿಯೂ ಇದೇ.

ಟೋನಿಂಗ್ ಬರಿಯ ಅಲಂಕಾರವಾಗಿರಲಿಲ್ಲ. ಗಾಳಿಯಲ್ಲಿನ ಮಾಲಿನ್ಯ ಬೆಳ್ಳಿಯನ್ನು ಬೇಗ ಕೆಡಿಸುತ್ತದೆ. ಸಲ್ಫೈಡ್, ಸೆಲೆನೈಡ್, ಚಿನ್ನ ಅದನ್ನು ಕಾಪಾಡುತ್ತವೆ. ನಮ್ಮ ಮನೆಯ ಆಲ್ಬಮ್ಮಿನ ಹಳೆಯ ಫೋಟೊಗಳ ಹಳದಿಗಂದು ಬೇರೆ ಸಂಗತಿ. ಅದು ಬಹಳ ಸಲ, ಚಿತ್ರವನ್ನು ಸ್ಥಿರಗೊಳಿಸುವ ಹೈಪೊ ದ್ರಾವಣವನ್ನು ಸರಿಯಾಗಿ ತೊಳೆಯದೆ ಬಂದ ಕಲೆ. ಸೀಪಿಯಾ ರಕ್ಷಣೆ, ಆ ಕಲೆ ಕ್ಷಯ. ಅನುಕರಿಸುವ ಮುನ್ನ ಎರಡನ್ನೂ ಬೇರೆ ಮಾಡಿ ನೋಡಬೇಕು.

ಕಂಪ್ಯೂಟರಿನಲ್ಲಿ ಮಾಡುವ ಬಗೆ

ಮೊದಲು ಒಳ್ಳೆಯ ಕಪ್ಪು-ಬಿಳುಪು ಚಿತ್ರ ಸಿದ್ಧವಾಗಲಿ. ಸಾಧ್ಯವಾದರೆ ರಾ ಫೈಲಿನಿಂದ ಹೊರಟು 16 ಬಿಟ್‌ನಲ್ಲಿ ಕೆಲಸ ಮಾಡಿ. 8 ಬಿಟ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ತಿದ್ದುತ್ತ ಹೋದಂತೆ ಬಯಲು ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣಿಸಿಕೊಳ್ಳುತ್ತದೆ.

ಸೀಪಿಯಾ: ಲೈಟ್‌ರೂಮಿನ ಕಲರ್ ಗ್ರೇಡಿಂಗ್‌ನಲ್ಲಿ ಹೈಲೈಟ್ಸ್‌ಗೆ ಹ್ಯೂ 40ರ ಆಸುಪಾಸು, ಸ್ಯಾಚುರೇಶನ್ 15ರಿಂದ 20. ಶ್ಯಾಡೋಸ್ ಸೊನ್ನೆಯಲ್ಲೇ ಇರಲಿ. ಬ್ಯಾಲೆನ್ಸ್ ಸ್ಲೈಡರ್ ಇಲ್ಲಿ ಬ್ಲೀಚಿನ ಗಡಿಯಾರವಿದ್ದಂತೆ: ಹೈಲೈಟ್ಸ್ ಕಡೆ ಸರಿಸಿದಷ್ಟೂ ಕಂದು ನೆರಳಿನತ್ತ ಇಳಿಯುತ್ತದೆ. ಡಾರ್ಕ್‌ಟೇಬಲ್ ಬಳಸುವವರಿಗೆ ಸ್ಪ್ಲಿಟ್ ಟೋನಿಂಗ್ ಮಾಡ್ಯೂಲ್ ಇದೆ.

ಸೆಲೀನಿಯಂ: ಶ್ಯಾಡೋಸ್‌ಗೆ ಹ್ಯೂ 280ರಿಂದ 300, ಸ್ಯಾಚುರೇಶನ್ 5ರಿಂದ 8 ಸಾಕು. ಬಣ್ಣವಷ್ಟೇ ಹಾಕಿ ಬಿಡಬೇಡಿ. ಕರ್ವ್ಸ್‌ನಲ್ಲಿ ನೆರಳನ್ನು ಒಂದಿಷ್ಟು ಕೆಳಗೆಳೆದರೇ ಸೆಲೀನಿಯಂನ ಆಳ ಬರುವುದು.

ಸ್ಪ್ಲಿಟ್ ಟೋನಿಂಗ್: ಡಾರ್ಕ್‌ರೂಮಿನಲ್ಲಿ ಅರೆ ಸೀಪಿಯಾ ಮಾಡಿ ಸೆಲೀನಿಯಂಗೆ ಹಾಕುತ್ತಿದ್ದರು, ಸಲ್ಫೈಡ್ ಆಗದೆ ಉಳಿದ ಬೆಳ್ಳಿಯನ್ನು ಸೆಲೀನಿಯಂ ಹಿಡಿಯುತ್ತಿತ್ತು. ಮೇಲಿನ ಎರಡನ್ನೂ ಸೇರಿಸಿದರೆ ಅದೇ ಫಲ. ನಡುವಿನ ಬೂದು ಆದಷ್ಟು ತಟಸ್ಥವಾಗಿರಲಿ, ಆಗಲೇ ಎರಡು ಬಣ್ಣಗಳು ಒಂದನ್ನೊಂದು ಎತ್ತಿಹಿಡಿಯುತ್ತವೆ.

ನೀಲಿ ಬೇಕಿದ್ದರೆ ಹ್ಯೂ 215ರ ಸುತ್ತ. ಜೊತೆಗೆ ಕಾಂಟ್ರಾಸ್ಟ್ ಸ್ವಲ್ಪ ಏರಿಸಿ, ಕಬ್ಬಿಣದ ಟೋನರ್ ಪ್ರಿಂಟನ್ನು ಗಾಢವಾಗಿಸುತ್ತಿತ್ತು. ಸೀಪಿಯಾದ ಮೇಲಿನ ಚಿನ್ನಕ್ಕೆ ಹೈಲೈಟ್ಸ್‌ನ ಹ್ಯೂ 20ಕ್ಕೆ ಇಳಿಸಿ.

ಫೋಟೊಶಾಪ್‌ನಲ್ಲಿ ಗ್ರೇಡಿಯಂಟ್ ಮ್ಯಾಪ್ ಇನ್ನೂ ಹೆಚ್ಚು ಹಿಡಿತ ಕೊಡುತ್ತದೆ. ಎಡತುದಿ ಶುದ್ಧ ಕಪ್ಪು, ಬಲತುದಿ ಶುದ್ಧ ಬಿಳುಪು. ನಡುವೆ ಕಾಲುಭಾಗದಲ್ಲಿ ಗಾಢ ನೇರಳೆಬೂದು, ಅರ್ಧದಲ್ಲಿ ಬರಿಯ ಬೂದು, ಮುಕ್ಕಾಲು ದಾಟಿದ ಮೇಲೆ ಜೇನುಬಣ್ಣ. ಲೇಯರಿನ ಬ್ಲೆಂಡ್ ಮೋಡನ್ನು ಕಲರ್‌ಗೆ ಬದಲಿಸಿದರೆ ಬೆಳಕು-ನೆರಳಿನ ಹದ ಕೆಡುವುದಿಲ್ಲ. ಗಿಂಪ್‌ನಲ್ಲೂ ಗ್ರೇಡಿಯಂಟ್ ಮ್ಯಾಪ್ ಇದೆ.

ಕಣ್ಣು ಮೋಸ ಹೋಗದಂತೆ

ಕೆಲಸ ಶುರುಮಾಡುವ ಮುನ್ನ ಪರದೆಯ ನೈಟ್ ಮೋಡ್ ತೆಗೆಯಿರಿ. ಸ್ವಲ್ಪ ಹೊತ್ತು ಕಂದು ನೋಡಿದ ಕಣ್ಣು ಅದಕ್ಕೆ ಒಗ್ಗಿಹೋಗುತ್ತದೆ, ಕೈ ತಾನಾಗಿ ಸ್ಯಾಚುರೇಶನ್ ಏರಿಸುತ್ತದೆ. ಪಕ್ಕದಲ್ಲಿ ಬಣ್ಣವಿಲ್ಲದ ಪ್ರತಿಯನ್ನು ತೆರೆದಿಟ್ಟುಕೊಂಡು ಆಗಾಗ ಅದರತ್ತ ನೋಡಿ.

ಕೊನೆಗೊಂದು ಹಳೆಯ ಪದ್ಧತಿ. ಡಾರ್ಕ್‌ರೂಮಿನಲ್ಲಿ ದೊಡ್ಡ ಕಾಗದಕ್ಕೆ ಕೈ ಹಾಕುವ ಮುಂಚೆ ಟೆಸ್ಟ್ ಸ್ಟ್ರಿಪ್ ಮಾಡುತ್ತಿದ್ದರು. ನೀವೂ ಅದೇ ಚಿತ್ರವನ್ನು ಸ್ಯಾಚುರೇಶನ್ 10, 20, 30 ಇಟ್ಟು ಮೂರು ಸಣ್ಣ ಪ್ರಿಂಟ್ ತೆಗೆಸಿ, ಹಗಲು ಹೊತ್ತಿನಲ್ಲಿ ಕಿಟಕಿಯ ಬಳಿ ಸಾಲಾಗಿ ಇಡಿ. ಕಾಗದದ ಬಿಳುಪು ಬಿಳುಪಾಗಿಯೇ ಇದ್ದು, ಬಣ್ಣಕ್ಕಿಂತ ಮೊದಲು ಮುಖ ಕಾಣುವ ಪ್ರಿಂಟ್ ಯಾವುದೋ, ಅದರ ಹದವೇ ಸರಿಯಾದದ್ದು.