ನಗದು ಕಟ್ಟುವವರೂ ಗ್ರಾಹಕರೇ

ಸಲ್ಲತಕ್ಕ ಋಣವನ್ನು ಹೊತ್ತಿಗೆ ಸಲ್ಲಿಸುವುದು ಗೃಹಸ್ಥರ ಕರ್ತವ್ಯ. ಆದರೆ ಸಲ್ಲಿಸುವ ಮನಸ್ಸೂ ಕೈಯಲ್ಲಿ ಹಣವೂ ಇದ್ದು, ಸಲ್ಲಿಸುವ ದಾರಿ ತಿಳಿಯದೆ ಸಂಕಟಪಡುವ ಮನೆಗಳು ನಮ್ಮ ನಡುವೆ ಇನ್ನೂ ಇವೆ. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆಯಿಂದ ಕೋಟ್ಯಂತರ ಬ್ಯಾಂಕ್ ಖಾತೆಗಳು ತೆರೆದವು, ನಿಜ. ಆದರೂ ಖಾತೆಯಿಲ್ಲದ ಕೂಲಿಕಾರರು, ಖಾತೆಯಿದ್ದೂ ಮೊಬೈಲಿನಲ್ಲಿ ವ್ಯವಹರಿಸಲರಿಯದ ವೃದ್ಧರು ವಿದ್ಯುತ್ ಬಿಲ್ಲನ್ನು ನಗದಾಗಿಯೇ ಕಟ್ಟಬೇಕಾಗುತ್ತದೆ. ಅವರಿಗಾಗಿ ಈ ನಾಲ್ಕು ಮಾತು.

ನಮ್ಮ ರಾಜ್ಯದಲ್ಲಿ ಇದಕ್ಕೆ ಮೂರು ದಾರಿಗಳುಂಟು. ವಿದ್ಯುತ್ ಕಂಪನಿಯ ಕಚೇರಿಯಲ್ಲಿರುವ ನಗದು ಕೌಂಟರು ಮೊದಲನೆಯದು. ಸರ್ಕಾರದ ಸೇವಾ ಕೇಂದ್ರಗಳು ಎರಡನೆಯವು: 2005ರಲ್ಲಿ ಆರಂಭವಾದ ಬೆಂಗಳೂರು ಒನ್, ಅದೇ ಮಾದರಿಯಲ್ಲಿ ಇತರ ನಗರಗಳಿಗೆ ಬಂದ ಕರ್ನಾಟಕ ಒನ್, 2022ರಲ್ಲಿ ಹಳ್ಳಿಗಳನ್ನು ಮುಟ್ಟಿದ ಗ್ರಾಮ ಒನ್. ಮೂರನೆಯದು ಎ.ಟಿ.ಪಿ. ಯಂತ್ರ. ಬಿಲ್ಲಿನಲ್ಲಿರುವ ಖಾತೆ ಸಂಖ್ಯೆಯನ್ನು ಒತ್ತಿದರೆ ಬಾಕಿ ಮೊತ್ತ ಪರದೆಯ ಮೇಲೆ ಮೂಡುತ್ತದೆ; ಹಣ ಸಲ್ಲಿಸಿದೊಡನೆ ರಸೀದಿ ಹೊರಬರುತ್ತದೆ. ಯಂತ್ರವೆಂದು ಅಂಜಬೇಕಾಗಿಲ್ಲ, ಹರಿದ ನೋಟುಗಳನ್ನು ಒಯ್ಯದಿದ್ದರೆ ಸಾಕು. ಚಿಲ್ಲರೆಯ ವಿಚಾರವನ್ನು ಮೊದಲೇ ಕೇಳಿ ತಿಳಿಯುವುದು ಲೇಸು.

ನಗದು ಕಟ್ಟುವವರಿಗೆ ರಸೀದಿಯೇ ಸಾಕ್ಷಿ. ಬ್ಯಾಂಕಿನ ಪಾಸ್‌ಬುಕ್ಕು ಅವರ ಪರವಾಗಿ ಮಾತನಾಡದು. ಆದುದರಿಂದ ಅಧಿಕೃತ ರಸೀದಿ ಕೊಡದ ಯಾರ ಕೈಗೂ ಹಣ ಕೊಡಲಾಗದು. ರಸೀದಿಯ ಮೇಲಿನ ಆರ್.ಆರ್. ಸಂಖ್ಯೆ, ಮೊತ್ತ, ದಿನಾಂಕಗಳನ್ನು ನಿಂತಲ್ಲಿಯೇ ನೋಡಿಕೊಳ್ಳಬೇಕು. ಯಂತ್ರದ ಕಾಗದದ ಅಕ್ಷರಗಳು ಕೆಲವು ತಿಂಗಳಲ್ಲಿ ಮಾಸಿಹೋಗುವುದುಂಟು. ಆದಕಾರಣ ಆ ವಿವರಗಳನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ಅನೇಕ ಮನೆಗಳ ಹೊರೆ ಇಳಿಯಿತು. ಆದರೆ ಆ ರಿಯಾಯಿತಿ ಅರ್ಹ ಮಿತಿಯೊಳಗಿನ ಗೃಹಬಳಕೆಗೆ ಮಾತ್ರ. ಬಳಕೆ ಮಿತಿ ಮೀರಿದರೆ ಹಣ ಕಟ್ಟಲೇಬೇಕು. ಸಣ್ಣ ಅಂಗಡಿಗೆ, ಹಿಟ್ಟಿನ ಗಿರಣಿಗೆ ಅದು ಅನ್ವಯಿಸದು.

ಕಾನೂನಿನ ಒಂದು ಆಸರೆಯನ್ನೂ ಎಲ್ಲರೂ ತಿಳಿದಿರತಕ್ಕದ್ದು. 2003ರ ವಿದ್ಯುಚ್ಛಕ್ತಿ ಅಧಿನಿಯಮದ 56ನೆಯ ಕಲಮಿನ ಪ್ರಕಾರ, ಬಾಕಿಗಾಗಿ ಸಂಪರ್ಕ ಕಡಿಯುವ ಮುನ್ನ ಪೂರ್ಣ 15 ದಿನಗಳ ಲಿಖಿತ ನೋಟಿಸು ಕೊಡಬೇಕು. ಬಿಲ್ಲು ತಪ್ಪೆನಿಸಿದರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿಯ ಆಧಾರದ ಮೊತ್ತ, ಇವುಗಳಲ್ಲಿ ಕಡಿಮೆಯಾದುದನ್ನು ಆಕ್ಷೇಪಣೆಯೊಡನೆ ಠೇವಣಿಯಿಟ್ಟರೆ, ವಿವಾದ ಮುಗಿಯುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಕತ್ತಲೆಗೆ ಹೆದರಿ ತಪ್ಪು ಬಿಲ್ಲಿಗಾಗಿ ಸಾಲ ಮಾಡುವ ಬಡವರಿಗೆ ಈ ಮಾತು ಮುಟ್ಟಬೇಕು.

ಹೊಸ ಅನುಕೂಲಗಳನ್ನು ನಾವು ಬೇಡವೆನ್ನುವುದಿಲ್ಲ. ಆದರೆ ಅವು ಬಂದವೆಂದು ಹಳೆಯ ಕೌಂಟರಿನ ಬಾಗಿಲು ಮುಚ್ಚಿದರೆ, ದಿನದ ಕೂಲಿ ಬಿಟ್ಟು ದೂರ ನಡೆಯಬೇಕಾದವರು ಬಡವರೇ. ಓದುಬಲ್ಲ ಮಕ್ಕಳು ತಿಂಗಳಿಗೊಮ್ಮೆ ನೆರೆಮನೆಯ ಅಜ್ಜಿಯ ಬಿಲ್ಲನ್ನು ಓದಿ ಹೇಳಲಿ, ಜೊತೆಗೆ ಹೋಗಿ ಕಟ್ಟಿಸಿ, ರಸೀದಿಯನ್ನು ಆಕೆಯ ಕೈಗೇ ಕೊಡಲಿ. ಅರ್ಧ ಗಂಟೆಯ ಈ ಕೆಲಸ ಒಂದು ಮನೆಯ ದೀಪವನ್ನು ಕಾಯುತ್ತದೆ.